ಗಾಯ್ಸಾ ನೆತ್ತಿಯ ಮೂಡಣಗಾಳಿ

ರಿಸ್ತೆನ್‌ಳ ಬಾಯಿ ಕೆಟ್ಟದ್ದು, ಒಪ್ಪುತ್ತೇನೆ. ಅವಳ ಗಂಡ ಸತ್ತಾಗ ಸಮಾಧಾನ ಹೇಳಲು ಹೋಗಿ ನಾನೇ ಅತ್ತುಬಿಟ್ಟೆ. "ಅತ್ತಿದ್ದು ಸಾಕು, ಹೋಗಿ ಸೌದೆ ಒಡಿ" ಅಂದಳು ಪುಣ್ಯಾತ್ಗಿತ್ತಿ. ಆದರೆ ಉತ್ತರದ ಹಿಮನಾಡಿನ ನಮ್ಮ ಸಾಮಿ ಜನರ ಬಿಡಾರದಲ್ಲಿ ಹಿಮಸಾರಂಗ ಮೇಯಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳ ಮೈದುನ ಹೇಯ್ಕಾನಿಗೆ ಅದೇ ಹೊಟ್ಟೆಯುರಿ.

ಅವಳ ಹಿಂಡಿನ ಮುಂದಾಳು ಮುಸೆತ್ ಎಂಬ ಕಪ್ಪು ಗಂಡು. ತಾಯಿ ತೋಳದ ಪಾಲಾದಾಗ ಎಳೆಗರುವಾಗಿದ್ದ ಅವನನ್ನು ಗುಡಾರದೊಳಗೆ ತಂದು, ಬಾಟಲಿ ಹಾಲು ಕುಡಿಸಿ, ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡಿದ್ದಳು. ಮಕ್ಕಳಿಲ್ಲದವಳು ನೋಡಿ. ಅವನು ಹೋದ ಕಡೆ ಇಡೀ ಹಿಂಡು ಹೋಗುತ್ತಿತ್ತು.

ಆ ವರ್ಷ ನಡುಚಳಿಗಾಲದಲ್ಲಿ, ಹಾಳಾದ್ದು, ಮಳೆ ಸುರಿಯಿತು. ನಿಂತ ಕೂಡಲೇ ಹೆಪ್ಪುಗಟ್ಟಿ ಕಣಿವೆಯೆಲ್ಲ ಗಾಜಾಯಿತು. ಅಡಿಯ ಕಲ್ಲುಹೂವಿಗಾಗಿ ಕೆರೆದು ಕೆರೆದು ಪ್ರಾಣಿಗಳ ಕಾಲಲ್ಲಿ ರಕ್ತ ಬಂತು. ಗಬ್ಬದ ಹೆಣ್ಣುಗಳು ನಿಂತಲ್ಲೇ ಕುಸಿದವು. ಮೇವು ಉಳಿದದ್ದು ಗಾಯ್ಸಾ ಶಿಖರದ ನೆತ್ತಿಯಲ್ಲಿ ಮಾತ್ರ. ಅಲ್ಲಿ ಬಿದ್ದದ್ದು ಒಣಹಿಮ. ಪಡುವಣಗಾಳಿ ಅದನ್ನು ಗುಡಿಸಿ ಬಂಡೆಯನ್ನು ಬರಿದು ಮಾಡಿತ್ತು. ಗುಡಿಸಿದ ಹಿಮವೆಲ್ಲ ಮೂಡಣದ ಅಂಚಿನಾಚೆಗೆ ಸೂರಿನ ಹಾಗೆ ಚಾಚಿ ನಿಂತಿತ್ತು. ಅದರ ಕೆಳಗೆ ಬರೀ ಪ್ರಪಾತ.

"ಅತ್ತಿಗೇ, ಮಗನಿಗೆ ಶಾಲು ಹೊದಿಸು, ನೆಗಡಿ ಆದೀತು" ಎಂದು ಹೇಯ್ಕಾ ಹಲ್ಲು ಕಿರಿದ, ಹಿಂಡನ್ನು ಅಲ್ಲಿಗೆ ಹತ್ತಿಸಲು ರಿಸ್ತೆನ್ ಮುಸೆತ್‌ನ ಕೊರಳಿಗೆ ಹಗ್ಗ ಕಟ್ಟುತ್ತಿದ್ದಾಗ.

"ನೀನು ಕಾಫಿ ಕುಡೀತಾ ಕೂತ್ಕೋ. ಸತ್ತಿರೋವನ್ನ ಎಣಿಸೋಕೂ ಒಬ್ರು ಬೇಕಲ್ಲ."

ರಿಸ್ತೆನ್ ಮತ್ತು ನಾನು, ಇಬ್ಬರೇ ಹಿಂಡನ್ನು ಮೇಲೆ ಹತ್ತಿಸಿದೆವು. ಅವು ಗಬಗಬನೆ ಮೇಯತೊಡಗಿದವು, ನನಗೂ ಜೀವ ಬಂತು. ಅಷ್ಟರಲ್ಲಿ ಮೋಡ ಇಳಿದು ನನ್ನ ಕೈ ನನಗೇ ಕಾಣದಾಯಿತು. ಕಣ್ಣು ಕಟ್ಟಿದಾಗ ಹಿಮಸಾರಂಗ ಗಾಳಿಗೆ ಮುಖ ಕೊಟ್ಟು ನಡೆಯುತ್ತದೆ. ಎಂದಿನ ಪಡುವಣಗಾಳಿ ಇದ್ದಿದ್ದರೆ ಅಂಚಿನಿಂದ ದೂರ ಹೋಗುತ್ತಿದ್ದವು. ಆ ದರಿದ್ರ ಗಾಳಿ ಅವತ್ತೇ ತಿರುಗಿ ಮೂಡಣದಿಂದ ಬೀಸಿತು.

ಮುಸೆತ್ ಅಂಚಿನ ಕಡೆಗೆ ಹೊರಟ. ಹಿಂಡು ಅವನ ಬೆನ್ನಿಗೇ ಬಿತ್ತು. ರಿಸ್ತೆನ್ ಹಗ್ಗ ಹಿಡಿದು ಜಗ್ಗಿದಳು. ನಾನು ಅವಳ ಸೊಂಟ ಹಿಡಿದೆ. ಇಬ್ಬರನ್ನೂ ಎಳೆದುಕೊಂಡೇ ನಡೆದ.

"ನಿಲ್ಲೋ ಕಂದಾ! ನಿಲ್ಲೋ!"

ಮುಂದೆ ಹಿಮ ಬಿರುಕು ಬಿಟ್ಟ ಸದ್ದಾಯಿತು.

"ಹಗ್ಗ ಬಿಡೇ! ಅವನೊಬ್ಬ ಹೋದ್ರೆ ಹೋಗ್ಲಿ!" ಎಂದು ಕೂಗಿಕೊಂಡೆ.

"ಅವನು ಹೋದ್ರೆ ಎಲ್ಲಾ ಹೋಗ್ತವೆ ಕಣೇ, ಪೆದ್ದಿ!"

ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಅವನ ಕುತ್ತಿಗೆಯವರೆಗೂ ಹೋದಳು. ಕಿವಿಗೆ ಕೆನ್ನೆ ಒತ್ತಿದಳು. ರೊಟ್ಟಿ ಕೊಡುತ್ತಾಳೆಂದುಕೊಂಡನೋ ಏನೋ, ಮುಸೆತ್ ನಿಂತು ತಲೆ ತಗ್ಗಿಸಿದ. ಅವಳು ಚೂರಿಯನ್ನು ಮೊದಲು ಹೆಡಕಿಗೆ, ಆಮೇಲೆ ಎದೆಗೆ ಇಳಿಸಿದಳು.

ಹಿಂಡು ನಿಂತಿತು. ಉಪ್ಪು ಕಾಣದೆ ಬರಗೆಟ್ಟಿದ್ದ ಪ್ರಾಣಿಗಳು ಒಂದನ್ನೊಂದು ತಳ್ಳಿಕೊಂಡು ಅವನ ರಕ್ತ ನೆಕ್ಕತೊಡಗಿದವು. ಅವನ ಬೆನ್ನಿಗೇ ಅಂಟಿಕೊಂಡಿರುತ್ತಿದ್ದ ಕರುಗಳೂ ನೆಕ್ಕಿದವು. ಅಯ್ಯೋ, ಅಂಥದ್ದನ್ನು ಶತ್ರುವೂ ನೋಡಬಾರದು! ರಿಸ್ತೆನ್ ಒಂದಿಷ್ಟು ಹೊತ್ತು ನೋಡುತ್ತ ನಿಂತಳು. ಆಮೇಲೆ ಎರಡೂ ಕೈಗವಸುಗಳನ್ನು ಅವನೆದೆಯ ಗಾಯದಲ್ಲಿ ಅದ್ದಿ, ಬೆನ್ನ ಹಿಂದೆ ಚಾಚಿ, ಗಾಳಿಗೆ ಬೆನ್ನು ಹಾಕಿ ಪಡುವಣಕ್ಕೆ ಇಳಿಯತೊಡಗಿದಳು. ಆ ಕೈಗಳ ಹಿಂದೆ ಇಡೀ ಹಿಂಡು ಬಂತು.

ಕೆಳಗೆ ಹೇಯ್ಕಾ ಓಡಿ ಬಂದ. "ಒಂದೂ ಸತ್ತಿಲ್ವಾ? ಮುಸೆತ್ ಎಲ್ಲಿ?"

ರಿಸ್ತೆನ್ ಕೈಗಳನ್ನು ಮುಂದೆ ಚಾಚಿದಳು. ಹಿಂಡು ದಾರಿಯುದ್ದ ನೆಕ್ಕಿದ್ದ ಗವಸುಗಳಲ್ಲಿ ರಕ್ತದ ಕಲೆಯೂ ಉಳಿದಿರಲಿಲ್ಲ.

"ಇವಕ್ಕೆ ತಿನ್ನಿಸಿಬಿಟ್ಟೆ" ಅಂದಳು.