ಇಕ್ಬಾಲ್ ಅಂಕಲ್ ಮೂರು ಭಾಗ ಮಾಡಿದ ರೈಲು ಕಂಪನಿ

ಜನವರಿಯ ಒಂದು ಶನಿವಾರ ಬೆಳಗ್ಗೆ ಡಿಯರ್‌ಬಾರ್ನ್ ನಿಲ್ದಾಣದಲ್ಲಿ ಶಿಕಾಗೊ ರೈಲು ಹತ್ತಿದೆ. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಲಿವೋನಿಯಾದ ಮನೆಯಿಂದ ನಿಲ್ದಾಣಕ್ಕೆ ಇಪ್ಪತ್ತು ನಿಮಿಷ, ಅಲ್ಲಿಂದ ಶಿಕಾಗೊಗೆ ಐದು ಗಂಟೆಗೂ ಹೆಚ್ಚು. ಟಿಕೆಟ್ ಐವತ್ತು ಡಾಲರ್ ಚಿಲ್ಲರೆ.

ಹೊರಟಿದ್ದು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಮಗಳ ಜೊತೆಗಿರುವ ಇಕ್ಬಾಲ್ ಅಂಕಲ್ ಅವರನ್ನು ನೋಡಲು. ಅರಸೀಕೆರೆಯವರು, ಈ ದೇಶದಲ್ಲಿ ನನಗೆ ಮೊದಲು ಕೆಲಸ ಕೊಟ್ಟವರು. ದೊಡ್ಡ ರೈಲ್ವೆಯವರು ಬೇಡವೆಂದು ಬಿಟ್ಟಿದ್ದ ಹನ್ನೊಂದು ಮೈಲಿ ಹಳಿಯನ್ನು ಗೆಳೆಯರೊಬ್ಬರ ಜೊತೆ ಕೊಂಡು, ಒಂದೇ ಒಂದು ಹಳೆಯ ಎಂಜಿನ್ ಇಟ್ಟುಕೊಂಡು ಶುರುಮಾಡಿದ್ದರು. ಗೋದಾಮುಗಳ ಮೆಕ್ಕೆಜೋಳ, ಕಾರ್ಖಾನೆಗಳ ಬಿಡಿಭಾಗ ತುಂಬಿದ ವ್ಯಾಗನ್‌ಗಳನ್ನು ದೊಡ್ಡ ಲೈನಿನ ತನಕ ಮುಟ್ಟಿಸುವ ಕೆಲಸ. ನಾನು ಸೇರುವ ಹೊತ್ತಿಗೆ ಅಂಥ ಮೂರು ಲೈನುಗಳಾಗಿದ್ದವು. ಗಾಡಿಗಳ ಓಡಾಟದ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತಿದ್ದೆ.

ಆರು ವರ್ಷದ ಹಿಂದೆ, ಹಳೆಯ ಸೇತುವೆಗಳ ರಿಪೇರಿ ಖರ್ಚು ಕೈಮೀರಿದಾಗ, ಅಂಕಲ್ ಕಂಪನಿಯನ್ನು ಮೂರು ಭಾಗ ಮಾಡಿ ಮೂವರಿಗೆ ಮಾರಿದರು. ನನ್ನ ಕೆಲಸ ಅವರಲ್ಲೊಬ್ಬರ ಬಳಿ ಮುಂದುವರಿಯಿತು. ದುಡ್ಡಿನಾಸೆಗೆ ಒಡೆದರೆಂದುಕೊಂಡು ನಾನು ಅವರ ಬೀಳ್ಕೊಡುಗೆಯ ಊಟಕ್ಕೂ ಹೋಗಲಿಲ್ಲ. ಕಳೆದ ತಿಂಗಳು ಅವರ ಆ ಪಾಲುದಾರ ಗೆಳೆಯರು ಅಂಗಡಿಯಲ್ಲಿ ಸಿಕ್ಕಾಗ ನಿಜ ತಿಳಿಯಿತು. ಇಡೀ ಕಂಪನಿ ಕೊಳ್ಳಲು ಬಂದಿದ್ದವರು ಹೆಚ್ಚು ಬೆಲೆ ಕೊಡಲು ತಯಾರಿದ್ದರಂತೆ. ಆದರೆ ನಮ್ಮ ಕೆಲಸದವರ್ಯಾರೂ ತಮಗೆ ಬೇಡವೆಂದಿದ್ದರಂತೆ. ಎಲ್ಲರನ್ನೂ ಇಟ್ಟುಕೊಳ್ಳುತ್ತೇವೆಂದು ಬರೆದುಕೊಟ್ಟವರಿಗಷ್ಟೇ ಅಂಕಲ್ ಒಂದೊಂದು ಲೈನ್ ಮಾರಿದ್ದರು. ಆಗ ನಾನು ಕೆಲಸದ ವೀಸಾದ ಮೇಲಿದ್ದೆ, ಆರು ತಿಂಗಳ ಬಸುರಿ. ಕೆಲಸ ಹೋಗಿ ಬೇರೆ ಕೆಲಸ ಸಿಗದಿದ್ದರೆ ಎರಡು ತಿಂಗಳಲ್ಲಿ ದೇಶ ಬಿಡಬೇಕಿತ್ತು.

ಕಲಮಜೂ ದಾಟಿದ ಮೇಲೆ ಹಿಮ ಜೋರಾಗಿ ರೈಲು ತಡವಾಯಿತು. ಶಿಕಾಗೊದಲ್ಲಿ ಲೋಕಲ್ ಹಿಡಿದು ನೇಪರ್‌ವಿಲ್‌ನಲ್ಲಿ ಇಳಿದರೆ, ಅಂಕಲ್ ಕೋಲೂರಿಕೊಂಡು ಪ್ಲಾಟ್‌ಫಾರಂನಲ್ಲೇ ಕಾಯುತ್ತಿದ್ದರು.

ಅವರ ಮಗಳು ಘೀ ರೈಸ್, ತರಕಾರಿ ಕುರ್ಮಾ ಮಾಡಿದ್ದಳು. ಊಟದ ನಂತರ ಧೈರ್ಯ ಮಾಡಿದೆ.

“ಅಂಕಲ್, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಯಾಕೆ ಒಂದು ಮಾತು ಹೇಳ್ಲಿಲ್ಲ?”

“ಬಸುರಿ ಹುಡುಗಿಗೆ ಏನಂತ ಹೇಳೋದಮ್ಮ, ನಿನ್ನ ಕೆಲಸ ಹೋಗೋ ಹಾಗಿತ್ತು ಅಂತಾನಾ? ನಿನ್ನ ನಿದ್ದೆ ಕೆಡ್ತಿತ್ತು ಅಷ್ಟೇ.”

ಆಮೇಲೆ ಅವರೇ ಲೈನುಗಳ ಸುದ್ದಿ ಕೇಳಿದರು. ಮೂರೂ ಓಡುತ್ತಿವೆ, ಡ್ರೈವರ್‌ಗಳೂ ನಮ್ಮ ಹಳಬರೇ ಎಂದೆ. ಹೆಸರು ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸಿದರು. ನನ್ನ ಮಗಳ ಫೋಟೊ ತೋರಿಸಿದಾಗ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

ಭಾನುವಾರ ಬೇಡವೆಂದರೂ ನಿಲ್ದಾಣಕ್ಕೆ ಬಂದರು. ನನ್ನ ರೈಲಿಗೆ ಮೊದಲು ಒಂದು ಗೂಡ್ಸ್ ಬಂತು. ಅಂಕಲ್ ಮಾತು ನಿಲ್ಲಿಸಿ, ಕೊನೆಯ ವ್ಯಾಗನ್ ದಾಟುವ ತನಕ ಅದನ್ನೇ ನೋಡಿದರು. ಆಮೇಲೆ ನನ್ನ ರೈಲು ಹೊರಟಾಗ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿ ನಿಂತಿದ್ದರು.