ನಾವಿಬ್ಬರೂ ಕಾದ ಆಟ

ನಿಮ್ಮ ಹವ್ಯಾಸ ಏನು ಅಂತ ಯಾರಾದರೂ ಕೇಳಿದರೆ ನಾನು ‘ಓದುವುದು’ ಅನ್ನುತ್ತೇನೆ. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಕನ್ನಡ ಕೂಟದ ಪಾಟ್‌ಲಕ್ಕುಗಳಲ್ಲಿ ಈ ಉತ್ತರಕ್ಕೆ ಒಳ್ಳೆಯ ಮರ್ಯಾದೆ ಇದೆ. ಕೇಳಿದವರು ಮೆಚ್ಚಿ ತಲೆಯಾಡಿಸಿ, ಏನೇನು ಓದುತ್ತೀರಿ ಎಂಬ ಮುಂದಿನ ಪ್ರಶ್ನೆಗೆ ಬರುವಷ್ಟರಲ್ಲಿ ನಾನು ಬಿಸಿಬೇಳೆಬಾತ್ ಇಟ್ಟಿರುವ ಟೇಬಲ್ಲಿನ ಕಡೆ ಹೊರಟಿರುತ್ತೇನೆ. ನಿಜ ಏನೆಂದರೆ, ನಲವತ್ತು ದಾಟಿದ, ಆಫೀಸಿನಲ್ಲಿ ಒಂದು ಟೀಮನ್ನು ಸಂಭಾಳಿಸುವ, ಮನೆಯಲ್ಲಿ ಮಗಳಿಗೆ ‘ಸ್ಕ್ರೀನು ನೋಡಿದ್ದು ಸಾಕು’ ಎಂದು ಗದರುವ ನಾನು ವಿಡಿಯೊ ಗೇಮ್ ಆಡುತ್ತೇನೆ. ಅದರಲ್ಲೂ ರೋಲ್ ಪ್ಲೇಯಿಂಗ್ ಅನ್ನುತ್ತಾರಲ್ಲ, ಆ ಜಾತಿಯದು. ಆಟದೊಳಗೆ ನಾವೇ ಒಂದು ಪಾತ್ರವಾಗಿ ಊರೂರು ಅಲೆಯಬೇಕು, ಸಿಕ್ಕವರ ಜೊತೆ ಮಾತಾಡಬೇಕು, ಯಾರನ್ನು ನಂಬುವುದು ಯಾರನ್ನು ಬಿಡುವುದು ಅಂತ ನಾವೇ ತೀರ್ಮಾನಿಸಿ ಆಮೇಲೆ ಅದರ ಫಲವನ್ನೂ ಉಣ್ಣಬೇಕು. ಇಂಥ ಆಟಗಳಲ್ಲಿ ಒಂದು ಕಾಲಕ್ಕೆ ಹೊಡೆದಾಟಕ್ಕಿಂತ ಓದುವುದೇ ಹೆಚ್ಚಿರುತ್ತಿತ್ತು. ಹಾಗಾಗಿ ನನ್ನ ಉತ್ತರ ಪೂರ್ತಿ ಸುಳ್ಳಲ್ಲ. ‘ಇರುತ್ತಿತ್ತು’ ಅಂದೆ, ಗಮನಿಸಿ. ನನ್ನ ಸಂಕಟವೆಲ್ಲ ಆ ಭೂತಕಾಲದಲ್ಲಿದೆ.

ನನ್ನ ಗಂಡ ಮೋಹನನ ಪರಿಚಯವಾದದ್ದೇ ಇಂಥದೊಂದು ಆಟದಿಂದ. ಇಬ್ಬರೂ ಆಗ ಬರ್ಕ್ಲಿಯಲ್ಲಿ ಓದುತ್ತಿದ್ದೆವು. ನಾನು ಮೈಸೂರಿನವಳು, ಅವನು ಮಂಡ್ಯದವನು. ಯಾರದೋ ಅಪಾರ್ಟ್‌ಮೆಂಟಿನ ಗಣೇಶನ ಹಬ್ಬದ ಊಟದಲ್ಲಿ ನೆಲದ ಮೇಲೆ ಪಕ್ಕಪಕ್ಕ ಕೂತಿದ್ದಾಗ ಆಟದ ಮಾತು ಬಂತು. ಆ ಆಟದಲ್ಲಿ ಉಪ್ಪು ತೆಗೆಯುವವರ ಒಂದು ಹಳ್ಳಿ ಇತ್ತು. ಅದರ ಯಜಮಾನ ನನ್ನ ಕಣ್ಣಿಗೆ ದೇವರಂಥ ಮನುಷ್ಯ; ನಾನು ಅವನ ಪರವಾಗಿ ರಾಜನ ಹತ್ತಿರ ವಾದ ಮಾಡಿ ಗೆದ್ದಿದ್ದೆ. ಮೋಹನ ಅವನನ್ನು ಜೈಲಿಗೆ ಹಾಕಿಸಿದ್ದ.

“ಅವನು ಕಳ್ಳ ಕಣ್ರೀ. ಗೋದಾಮಿನ ಹಿಂದೆ ಹೋಗಿ ನೋಡಿದ್ರಾ?” ಅಂದ.

ನಾನು ನೋಡಿರಲಿಲ್ಲ. “ಅವನ ಹೆಂಡತಿ ಹತ್ರ ಕೂತು ನೀವು ಮಾತಾಡಿದ್ರಾ?” ಅಂತ ಕೇಳಿದೆ. ಅವನು ಮಾತಾಡಿರಲಿಲ್ಲ.

ಆಡಿದ್ದು ಒಂದೇ ಆಟ, ಆದರೆ ಇಬ್ಬರಿಗೂ ಕಂಡ ಊರು ಬೇರೆ. ಆ ಜಗಳ ಮುಂದುವರಿಸಲೆಂದು ಮತ್ತೆ ಮತ್ತೆ ಭೇಟಿಯಾದೆವು. ಮಧ್ಯದಲ್ಲೆಲ್ಲೋ ಮಾತಿನಿಂದ ‘ರೀ’ ಉದುರಿಹೋಯಿತು, ಆಮೇಲೆ ಮದುವೆಯೂ ಆಯಿತು. ಈಗ ನಮ್ಮತ್ತೆ ಬಂದು ಇರುವ ತಿಂಗಳುಗಳಲ್ಲಿ ಮಾತ್ರ ಆ ‘ರೀ’ ನಮ್ಮ ಪ್ಲೆಸೆಂಟನ್ ಮನೆಗೆ ಅತಿಥಿಯಾಗಿ ವಾಪಸು ಬರುತ್ತದೆ.

ಪಾತ್ರ ಎಂಬ ಪದದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾಟಕದ್ದೂ ಪಾತ್ರ, ನದಿ ಹರಿಯುವ ತಗ್ಗೂ ಪಾತ್ರ, ಅಡುಗೆಮನೆಯ ಪಾತ್ರೆಯೂ ಅದರ ಹತ್ತಿರದ ನೆಂಟನೇ. ಮೂರಕ್ಕೂ ಸಮಾನವಾದದ್ದು ಏನು ಅಂತ ನೋಡಿದರೆ, ಮೂರೂ ಏನನ್ನಾದರೂ ಹಿಡಿದಿಟ್ಟುಕೊಳ್ಳಬೇಕು, ಅದಕ್ಕೆ ಆಳ ಇರಬೇಕು. ಮೋಹನನ ಚಿಕ್ಕಪ್ಪ ಒಬ್ಬರು ಊರಿನ ಪೌರಾಣಿಕ ನಾಟಕದಲ್ಲಿ ರಾಜನ ಪಾತ್ರ ಮಾಡಿ, ಬಣ್ಣ ತೊಳೆದು ಒಂದು ವಾರ ಕಳೆದರೂ ಚಿಕ್ಕಮ್ಮನ ಹತ್ತಿರ ಕಾಫಿಯನ್ನು ರಾಜಗಾಂಭೀರ್ಯದಲ್ಲೇ ಕೇಳುತ್ತಿದ್ದರಂತೆ. ಪಾತ್ರ ಅಷ್ಟು ಒಳಗಿಳಿದಿತ್ತು. ಈಗಿನ ದೊಡ್ಡ ಬಜೆಟ್ಟಿನ ಆಟಗಳಲ್ಲಿ ನಮಗೆ ಸಿಗುವುದು ಪಾತ್ರೆಯಲ್ಲ, ತಟ್ಟೆ. ಮದುವೆಮನೆಯ ಬೆಳ್ಳಿತಟ್ಟೆಯ ಹಾಗೆ ಫಳಫಳ ಹೊಳೆಯುತ್ತದೆ, ಅಗಲವೂ ಬೇಕಾದಷ್ಟು ಇರುತ್ತದೆ. ಸಾರು ಹಾಕಿದರೆ ಮಾತ್ರ ನಿಲ್ಲುವುದಿಲ್ಲ.

ನಮ್ಮ ಆ ಹಳೆಯ ಆಟದ ಎರಡನೆಯ ಭಾಗ ಬರುತ್ತದೆ ಎಂದು ಸುದ್ದಿಯಾದಾಗ ಮಗಳು ಇಂಚರ ಇನ್ನೂ ಡೇಕೇರಿಗೆ ಹೋಗುತ್ತಿದ್ದಳು. ಆಟ ಬಂದಾಗ ಅವಳು ಮಿಡಲ್ ಸ್ಕೂಲಿನಲ್ಲಿದ್ದಳು. ಮಧ್ಯದ ವರ್ಷಗಳಲ್ಲಿ ಬೇರೆ ದೊಡ್ಡ ಆಟಗಳು ಒಂದೊಂದಾಗಿ ತೆಳ್ಳಗಾಗುವುದನ್ನು ನಾವಿಬ್ಬರೂ ನೋಡಿದ್ದೆವು. ಅಭಿಮಾನಿಗಳ ಫೋರಮ್ಮುಗಳಲ್ಲಿ ಜನ ಪುಟಗಟ್ಟಲೆ ಗೋಳಾಡುತ್ತಿದ್ದರು. ನಾನೂ ಆಫೀಸಿನ ಉದ್ದುದ್ದ ಮೀಟಿಂಗುಗಳ ನಡುವೆ ಮೈಕು ಮ್ಯೂಟ್ ಮಾಡಿಕೊಂಡು ನನ್ನ ಪಾಲಿನ ಗೋಳು ಟೈಪು ಮಾಡಿದ್ದೇನೆ. ಆದರೆ ನಮ್ಮ ಆಟ ಹಾಗಾಗುವುದಿಲ್ಲ ಎಂದು ನಂಬಿದ್ದೆವು. ಬೇರೆಯವರ ಮಕ್ಕಳ ಬಗ್ಗೆ ಮಾತಾಡುವಾಗ ತಂದೆತಾಯಿಗಳಿಗೆ ತಮ್ಮ ಮಕ್ಕಳ ಮೇಲೆ ಇರುತ್ತದಲ್ಲ, ಅಂಥ ನಂಬಿಕೆ.

ಆಟ ಬಂದ ದಿನ ಇಬ್ಬರೂ ರಜೆ ಹಾಕಿದೆವು. ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು, ಚಕ್ಕುಲಿ ಡಬ್ಬಿ ಮಧ್ಯದಲ್ಲಿಟ್ಟುಕೊಂಡು ಸೋಫಾದ ಮೇಲೆ ಕೂತೆವು. ಪರದೆಯ ಮೇಲೆ ಹುಲ್ಲಿನ ಎಸಳು ಎಸಳೂ ಗಾಳಿಗೆ ಆಡುತ್ತಿತ್ತು. ಎದುರಿಗೊಂದು ಹಳ್ಳಿ. ಬಾವಿಯ ಹತ್ತಿರ ನಿಂತಿದ್ದ ಹೆಂಗಸನ್ನು ಮಾತಾಡಿಸಿದೆ. ಅವಳ ಮೇಕೆ ಕಳೆದುಹೋಗಿದೆಯಂತೆ. ಆರಿಸಿಕೊಳ್ಳಲು ಆಟ ನನಗೆ ಮೂರು ಉತ್ತರ ಕೊಟ್ಟಿತು: ಹುಡುಕಿಕೊಡುತ್ತೇನೆ, ಸಂತೋಷವಾಗಿ ಹುಡುಕಿಕೊಡುತ್ತೇನೆ, ಬೇರೆ ಕೆಲಸ ಇಲ್ಲದ್ದರಿಂದ ಹುಡುಕಿಕೊಡುತ್ತೇನೆ. ಆಗಲ್ಲ ಅನ್ನುವುದಕ್ಕೆ ದಾರಿಯೇ ಇರಲಿಲ್ಲ. ಮೇಕೆ ಎಲ್ಲಿದೆ ಎಂದು ಯೋಚಿಸುವ ಮೊದಲೇ ನೆಲದ ಮೇಲೆ ಹಳದಿ ಬಾಣದ ಗುರುತೊಂದು ಮೂಡಿ, ಡ್ರೈವಿಂಗ್ ಟೆಸ್ಟಿಗೆ ಬಂದ ಹುಡುಗಿಗೆ ತೋರಿಸುವ ಹಾಗೆ, ಇಲ್ಲಿ ತಿರುಗು, ಇಲ್ಲಿ ನಿಲ್ಲು ಎಂದಿತು. ಮೇಕೆ ತಂದುಕೊಟ್ಟೆ. ಅವಳು ಥ್ಯಾಂಕ್ಸ್ ಹೇಳಿದಳು. ಮತ್ತೆ ಮಾತಾಡಿಸಿದರೆ ಮತ್ತೆ ಅದೇ ಥ್ಯಾಂಕ್ಸ್. ಹಳೆಯ ಆಟದಲ್ಲಾಗಿದ್ದರೆ ಆ ಮೇಕೆ ನಿಜಕ್ಕೂ ಅವಳದೇ ಅಥವಾ ಪಕ್ಕದ ಮನೆಯವಳದೇ ಎಂಬುದರ ಮೇಲೆ ಊರೇ ಎರಡು ಪಾರ್ಟಿಯಾಗುತ್ತಿತ್ತು.

“ಹೇಗಿದೆ?” ಅಂದ ಮೋಹನ.

“ಸೂಪರಾಗಿದೆ” ಅಂದೆ.

“ಇಷ್ಟು ವರ್ಷ ಕಾದಿದ್ದು ಸಾರ್ಥಕ ಆಯ್ತು ಅಲ್ವಾ?” ಅಂದ. ಅವನ ಮುಖದಲ್ಲಿ ಅಂಥ ನಗು ಇತ್ತು. ಆ ನಗುವಿನ ಮೇಲೆ ನೀರು ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಹೀಗೆ ಏರ್ಪಾಡಾಯಿತು. ಇಬ್ಬರೂ ಬೇರೆ ಬೇರೆ ಆಡುವುದು, ಬೆಳಿಗ್ಗೆ ತಿಂಡಿ ತಿನ್ನುವಾಗ ಎಲ್ಲಿಯವರೆಗೆ ಬಂದೆವು ಅಂತ ಹೇಳಿಕೊಳ್ಳುವುದು, ಹಿಂದೆ ಮಾಡುತ್ತಿದ್ದ ಹಾಗೆಯೇ. ಮೋಹನ ಇಂಚರಾಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋದಾಗ ನನ್ನ ಸರದಿ. ನಾನು ಆಫೀಸಿಗೆ ಹೋಗುವ ದಿನ ಅವನು ಮನೆಯಿಂದ ಕೆಲಸ ಮಾಡುತ್ತಿದ್ದ, ಮಧ್ಯಾಹ್ನ ಅವನ ಸರದಿ. ನನ್ನ ಸರದಿಯಲ್ಲಿ ನಾನು ಏನು ಮಾಡುತ್ತಿದ್ದೆ ಅಂದರೆ, ಮಲಗುತ್ತಿದ್ದೆ. ಒಮ್ಮೊಮ್ಮೆ ಒಗೆದ ಬಟ್ಟೆ ಮಡಿಸುತ್ತಿದ್ದೆ. ಆಟ ಎರಡನೆಯ ಹಳ್ಳಿಯಲ್ಲೇ ನಿಂತುಬಿಟ್ಟಿತ್ತು.

ಆದರೆ ತಿಂಡಿಯ ಹೊತ್ತಿಗೆ ಹೇಳಲು ಏನಾದರೂ ಬೇಕಲ್ಲ. ಒಂದು ಭಾನುವಾರ ದೋಸೆ ಹುಯ್ಯುತ್ತಾ ಹೇಳಿಬಿಟ್ಟೆ: “ನದಿ ಹತ್ರ ಸಿಕ್ಕಿಹಾಕಿಕೊಂಡಿದೀನಿ. ದೋಣಿ ನಡೆಸೋಳು ಒಬ್ಬಳಿದ್ದಾಳೆ, ದಾಟಿಸಲ್ಲ ಅಂತಾಳೆ.”

“ಯಾಕಂತೆ?”

ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಕಾವಲಿಯ ಮೇಲೆ ಒಂದು ದೋಸೆ ಬೇಯುವಷ್ಟು ಸಮಯ ಇತ್ತು. “ನನ್ನ ಬೂಟಿನಲ್ಲಿ ಆಚೆ ದಡದ ಕೆಂಪು ಮಣ್ಣಿದೆಯಂತೆ. ಒಂದು ಸಲ ಹೋಗಿ ಬಂದವಳು ಏನೂ ಗೊತ್ತಿಲ್ಲದವಳ ಹಾಗೆ ಯಾಕೆ ಆಡ್ತೀಯ ಅಂತ ಕೇಳ್ತಾಳೆ” ಅಂದೆ.

ಮೋಹನ ಚಟ್ನಿಗೆ ಅದ್ದಿದ ದೋಸೆಯ ತುಂಡನ್ನು ಹಾಗೇ ಹಿಡಿದುಕೊಂಡು ಕೇಳಿದ. “ನನಗೆ ಅವಳು ಸಿಕ್ಕೇ ಇಲ್ಲ” ಅಂದ. “ನಾನು ಬೆಟ್ಟದ ದಾರಿ ಹಿಡಿದೆ. ಅಲ್ಲೊಬ್ಬ ಗಂಟೆ ಹೊಡೆಯೋ ಮುದುಕ ಇದ್ದಾನೆ. ಪೂರ್ತಿ ಕಿವುಡ. ದಿನಾ ಹೊಡೆಯೋ ಗಂಟೆ ತಮ್ಮ ನಿದ್ದೆ ಕೆಡಿಸುತ್ತೆ ಅಂತ ಊರಿನವರು ಯಾವಾಗಲೋ ಅದರ ನಾಲಿಗೆ ಕಿತ್ತುಹಾಕಿದಾರೆ. ಅವನಿಗೆ ಗೊತ್ತಿಲ್ಲ. ದಾರೀಲಿ ಹೋಗೋರನ್ನೆಲ್ಲ ಕೇಳಿಸ್ತಾ ಅಂತ ಕೇಳ್ತಾನೆ.”

“ನೀನೇನಂದೆ?”

“ಕೇಳಿಸ್ತು ಅಂದೆ.”

“ನಾನಾಗಿದ್ರೆ ನಿಜ ಹೇಳಿಬಿಡ್ತಿದ್ದೆ” ಅಂದೆ, ಯಾವ ಮುಖ ಇಟ್ಟುಕೊಂಡು ಅಂದೆನೋ.

ಅವತ್ತು ಎಷ್ಟೋ ವರ್ಷಗಳ ನಂತರ ಸರಿಯಾಗಿ ಜಗಳವಾಡಿದೆವು, ಮುದುಕನಿಗೆ ಹೇಳಬೇಕೋ ಬೇಡವೋ ಎಂದು. ಆದರೆ ಮೋಹನ ಎದ್ದು ಹೋದ ಮೇಲೆ ನನಗೆ ಯೋಚನೆ ಹತ್ತಿತು. ಹಾಗಾದರೆ ಆಟ ಚೆನ್ನಾಗಿಯೇ ಇದೆ. ಬೆಟ್ಟದ ಮೇಲೆ ಅಂಥ ಮುದುಕ ಕೂತಿದ್ದಾನೆ. ನಾನು ಎರಡನೆಯ ಹಳ್ಳಿಯಲ್ಲೇ ಆಟ ಬಿಟ್ಟು ಬಟ್ಟೆ ಮಡಿಸುತ್ತಿದ್ದೇನೆ. ಮುಂದಿನ ಸರದಿಯಲ್ಲಿ ಆಟ ಹಾಕಿ ಬೆಟ್ಟವನ್ನೆಲ್ಲ ಹತ್ತಿಳಿದೆ. ಹೂವು ಕಿತ್ತುಕೊಳ್ಳಿ ಎಂದು ಹೊಳೆಯುವ ಗಿಡಗಳಿದ್ದವು, ಹಳದಿ ಬಾಣ ಇತ್ತು, ಗಂಟೆ ಎಲ್ಲೂ ಸಿಗಲಿಲ್ಲ. ಹಳೆಯ ಆಟದಲ್ಲಿ ಗೋದಾಮಿನ ಹಿಂದೆ ನೋಡದವಳು ನಾನೇ ತಾನೇ, ಈಗಲೂ ಎಲ್ಲಿ ನೋಡಬೇಕೋ ಅಲ್ಲಿ ನೋಡುತ್ತಿಲ್ಲ ಅಂದುಕೊಂಡೆ. ವಯಸ್ಸಾಯಿತೇನೋ, ಯಾವುದರಲ್ಲೂ ರುಚಿ ಸಿಗದ ಹಾಗೆ ಆಗಿಬಿಟ್ಟೆನೇನೋ ಎಂದೂ ಅನ್ನಿಸಿತು. ಎಲ್ಲಕ್ಕಿಂತ ಹೆದರಿಕೆಯಾದದ್ದು ಬೇರೆಯದಕ್ಕೆ. ನಾವಿಬ್ಬರೂ ಹತ್ತಿರವಾದದ್ದೇ ಇದರಿಂದ. ಅವನಿಗೆ ಇದು ಇನ್ನೂ ಉಳಿದಿದೆ, ನನಗೆ ಮಾತ್ರ ಮುಗಿದುಹೋಗಿದೆ ಅನ್ನುವುದಾದರೆ ಅದರ ಅರ್ಥ ಏನು? ಈ ಪ್ರಶ್ನೆ ಇಟ್ಟುಕೊಂಡು ನಾನು ಸುಮಾರು ದಿನ ಫ್ರೀವೇಯಲ್ಲಿ ನನ್ನ ಎಕ್ಸಿಟ್ಟು ತಪ್ಪಿಸಿಕೊಂಡಿದ್ದೇನೆ.

ತಿಂಡಿಯ ಹೊತ್ತಿನ ವರದಿಗಳು ಮಾತ್ರ ನಿಲ್ಲಲಿಲ್ಲ. ದೋಣಿಯವಳು ಕೊನೆಗೆ ನನ್ನನ್ನು ಹತ್ತಿಸಿಕೊಂಡಳು, ನಡುನೀರಿನಲ್ಲಿ ಹುಟ್ಟು ಹಾಕುವುದನ್ನು ನಿಲ್ಲಿಸಿ ಆಚೆ ದಡದಲ್ಲಿ ಯಾರನ್ನು ಬಿಟ್ಟು ಬಂದೆ ಎಂದು ಕೇಳಿದಳು. ಬೆಟ್ಟದ ಮುದುಕ ಮೋಹನನಿಗೆ ಗಂಟೆ ಹೊಡೆಯುವುದನ್ನು ಕಲಿಸಲು ಶುರು ಮಾಡಿದ.

ಹೀಗಿರುವಾಗ ಒಂದು ಶನಿವಾರ ಗಿರೀಶನನ್ನು ಊಟಕ್ಕೆ ಕರೆದೆವು. ಹಾಸನದವನು, ಸ್ಯಾನ್ ಹೊಸೆಯಲ್ಲಿರುತ್ತಾನೆ, ಹಳೆಯ ಆಟವನ್ನು ನಮ್ಮ ಹಾಗೆಯೇ ತಲೆಗೆ ಹಚ್ಚಿಕೊಂಡಿದ್ದ ಇನ್ನೊಬ್ಬ. ಹೊಸದನ್ನು ಅವನು ಮೂಲೆ ಮೂಲೆ ಬಿಡದೆ ಮುಗಿಸಿದ್ದನಂತೆ. ಇಷ್ಟವಾಯಿತೇ ಅಂತ ಕೇಳಿದರೆ, “ಇಲ್ಲ. ಆದ್ರೆ ಪೂರ್ತಿ ಆಡದೆ ಬೈಯೋದು ತಪ್ಪು ಅಂತ ಮುಗಿಸಿದೆ” ಅಂದ. ಮುದ್ದೆ ಮುರಿಯುತ್ತಾ ಒಂದೊಂದೇ ದೂರು ಹೇಳತೊಡಗಿದ. ಯಾರ ಮಾತಿಗೂ ತೂಕ ಇಲ್ಲ. ಯಾವ ಉತ್ತರ ಆರಿಸಿದರೂ ಕೊನೆಗೆ ಬರುವುದು ಅದೇ ಅರಮನೆಗೆ.

ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅವನು ಹೇಳುತ್ತಿದ್ದ. ಆದರೂ ಗಂಡನ ಮುಖ ನೋಡಿ ನಾನು ಆಟದ ಪರ ನಿಂತೆ. “ಪೂರ್ತಿ ಹಾಗಲ್ಲ ಗಿರೀಶ. ಬೆಟ್ಟದ ಮೇಲಿನ ಆ ಗಂಟೆಯ ಮುದುಕ?” ಅಂದೆ.

“ಯಾವ ಮುದುಕ?”

“ಕಿವುಡ ಮುದುಕ. ಮೋಹನನಿಗೆ ಸಿಕ್ಕಿದಾನಲ್ಲ.”

ಮೋಹನ ತಟ್ಟೆ ನೋಡುತ್ತಾ, “ಅದಿರಲಿ, ದೋಣಿಯವಳು ಇಲ್ವಾ? ಅವಳು ಇವಳಿಗೆ ಸಿಕ್ಕಿದಾಳೆ. ನಾನು ನದಿ ಉದ್ದಕ್ಕೂ ಹುಡುಕಿದೆ, ನನಗೇ ಸಿಗಲಿಲ್ಲ” ಅಂದ.

ಗಿರೀಶ ಇಬ್ಬರನ್ನೂ ನೋಡಿದ. “ಆ ಆಟದಲ್ಲಿ ದೋಣಿನೇ ಇಲ್ಲ” ಅಂದ. “ನದಿ ಹತ್ರ ಹೋಗಿ ಬಟನ್ ಒತ್ತಿದ್ರೆ ಆಚೆ ದಡದಲ್ಲಿ ಇರ್ತೀವಿ. ಬೆಟ್ಟದ ಮೇಲೆ ಹೂವಿನ ಗಿಡ ಬಿಟ್ರೆ ಏನೂ ಇಲ್ಲ. ನೀವಿಬ್ಬರೂ ಯಾವ ಆಟ ಆಡ್ತಿದೀರಿ?”

ನದಿ ಉದ್ದಕ್ಕೂ ಹುಡುಕಿದೆ ಎಂಬ ಮಾತು ನನ್ನ ಕಿವಿಯಲ್ಲೇ ನಿಂತಿತ್ತು. ನಾನು ಬೆಟ್ಟ ಹತ್ತಿಳಿದ ಹಾಗೆಯೇ ಇವನು, ನಾನು ದೋಸೆ ಹುಯ್ಯುತ್ತಾ ಹುಟ್ಟಿಸಿದ ಹೆಂಗಸನ್ನು ಹುಡುಕಿಕೊಂಡು ನದಿಯ ದಡದಲ್ಲಿ ಅಲೆದಿದ್ದಾನೆ.

“ನೀನು ಎಲ್ಲಿವರೆಗೆ ಆಡಿದೀಯ ಮೋಹನ?” ಅಂದೆ.

“ಎರಡನೇ ಹಳ್ಳಿ” ಅಂದ. “ನೀನು?”

“ಎರಡನೇ ಹಳ್ಳಿ.”

ಇಂಚರ ಮೊಸರನ್ನದಿಂದ ತಲೆಯೆತ್ತಿ, “ಸೋ ನೋಬಡಿ ಲೈಕ್ಸ್ ಇಟ್?” ಅಂದಳು. ಅವಳಿಗೆ ಕನ್ನಡ ಎಷ್ಟು ಅರ್ಥವಾಗುತ್ತದೆ ಎಂಬುದನ್ನು ನಾವು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತೇವೆ.

ಮೊದಲು ನಕ್ಕವನು ಮೋಹನ. ಆಮೇಲೆ ನನಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಅದರಲ್ಲಿ ಸ್ವಲ್ಪ ಭಾಗ ನಗುವಿನದಾಗಿರಲಿಲ್ಲ. ಮೊದಲ ದಿನ ನನ್ನ ಮುಖ ಅಷ್ಟು ಖುಷಿಯಾಗಿ ಕಂಡಿತಂತೆ ಅವನಿಗೆ, ಅದಕ್ಕೇ ಸಾರ್ಥಕ ಆಯಿತು ಅಂದನಂತೆ. ಅವನ ಸರದಿಗಳಲ್ಲಿ ಅವನು ಗರಾಜು ಕ್ಲೀನು ಮಾಡುತ್ತಿದ್ದನಂತೆ. ಗರಾಜು ಅಷ್ಟು ಚೊಕ್ಕಟವಾದದ್ದು ಹೇಗೆ ಎಂದು ನನಗೆ ಒಂದು ಸಲವೂ ಅನುಮಾನ ಬರಲಿಲ್ಲ ನೋಡಿ.

ಗಿರೀಶನಿಗೆ ಮಾತ್ರ ನಗು ಬರಲಿಲ್ಲ. ಅವನು ಇಡೀ ಆಟವನ್ನು ಆ ಅರಮನೆಯವರೆಗೂ ನಿಜವಾಗಿ ಸುತ್ತಿ ದಣಿದು ಬಂದವನು. ಕೈ ತೊಳೆದುಕೊಂಡು ಬಂದು ಸೋಫಾದ ಮೇಲೆ ಕೂತು, “ಆ ಮುದುಕಂಗೆ ಕೊನೆಗೆ ಗೊತ್ತಾಗುತ್ತಾ?” ಎಂದು ಗಂಭೀರವಾಗಿ ಕೇಳಿದ.

“ಅಲ್ಲೀವರೆಗೂ ಯೋಚನೆ ಮಾಡಿಲ್ಲ” ಅಂದ ಮೋಹನ.

“ಹಾಗಾದ್ರೆ ಮಾಡು. ಕಾಫಿ ಆಗೋವರೆಗೆ ಟೈಮಿದೆ.”

ಮುದುಕನಿಗೆ ಗೊತ್ತಾಗಬೇಕೇ ಎಂದು ಮೂವರೂ ಸಂಜೆಯವರೆಗೆ ಕಿತ್ತಾಡಿದೆವು. ಮುದುಕನಿಗೆ ಮೊದಲಿನಿಂದಲೂ ಗೊತ್ತಿರಬೇಕು, ಊರಿನವರ ಮನಸ್ಸು ನೋಯಬಾರದೆಂದು ಹೊಡೆಯುತ್ತಾ ಇದ್ದಾನೆ ಎಂದ ಗಿರೀಶ. ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹೊಸ ಆಟವನ್ನು ಆಮೇಲೆ ನಾವು ಮುಟ್ಟಲಿಲ್ಲ. ಅದರ ಮೇಲೆ ಈಗ ಸಿಟ್ಟೂ ಇಲ್ಲ. ಅದು ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳಿದ ದಿನವೇ ನನ್ನ ಎದೆಯ ಭಾರ ಇಳಿಯಿತು. ಕೆಟ್ಟದ್ದು ಆಟ, ನಾನಲ್ಲ, ನಾವಂತೂ ಅಲ್ಲ. ಮದುವೆಗೆ ಮುಂಚೆ ಹಿರಿಯರು ಗಣ ಕೂಡಿತೇ, ನಕ್ಷತ್ರ ಕೂಡಿತೇ ಎಂದು ನೋಡುತ್ತಾರೆ. ಈ ಕಾಲದ ಹುಡುಗ ಹುಡುಗಿಯರು ಇಬ್ಬರಿಗೂ ಏನೇನು ಇಷ್ಟ ಎಂದು ಹೋಲಿಸಿಕೊಳ್ಳುತ್ತಾರೆ. ಅದೆಲ್ಲ ಇರಲಿ. ನನ್ನ ಸಲಹೆ ಯಾರಾದರೂ ಕೇಳಿದರೆ, ಇಬ್ಬರಿಗೂ ಯಾವುದು ಬೋರು ಹೊಡೆಸುತ್ತದೆ ಎಂಬುದನ್ನು ಒಂದು ಸಲ ವಿಚಾರಿಸಿ ನೋಡಿ ಅನ್ನುತ್ತೇನೆ. ಅದು ಕೂಡಿಬಂದರೆ ಮುಂದಿನ ಎಷ್ಟೋ ಶನಿವಾರ ಮಧ್ಯಾಹ್ನಗಳು ಸುಖವಾಗಿ ಕಳೆಯುತ್ತವೆ.