ಮಾಮಾ ಹಾಕಿಕೊಟ್ಟ ಪಾಳಿ

ನನ್ನ ಸೋದರಮಾವನ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆ ಬೀಜದಷ್ಟು ಜಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಕಾಲುವೆ ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಆದದ್ದು. ಬಲಗೈ ಎಂದು ಬರೆದೆನಾದರೂ ನನಗೆ ಖಾತ್ರಿಯಿಲ್ಲ. ತಂಗಿ ಎಡಗೈ ಎನ್ನುತ್ತಾಳೆ. ಆ ದಿನಗಳ ಡೈರಿ ನನ್ನ ಹತ್ತಿರ ಈಗಲೂ ಇದೆ, ಆದರೆ ಅದರಲ್ಲಿ ಮಾಮಾನ ಕೈಯ ಮಾತೇ ಇಲ್ಲ. ಇರುವುದೆಲ್ಲ ನನ್ನ ಓದಿನ ಗೋಳು. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು.

ನೆನಪನ್ನು ನಂಬಬಾರದು ಎಂಬುದನ್ನು ಕಲಿಸಿದ್ದೂ ಆ ಓದೇ. ಗುಮಾಸ್ತೆಯ ಹುದ್ದೆಗೆ ಎರಡು ಸಲ ಪರೀಕ್ಷೆ ಬರೆದು, ಎರಡೂ ಸಲ ಸ್ವಲ್ಪದರಲ್ಲೇ ಸೋತಿದ್ದೆ. ಮೂರನೆಯದೇ ಕೊನೆಯದು, ಅದಾದ ಮೇಲೆ ನನ್ನ ವಯಸ್ಸು ಮೀರುತ್ತಿತ್ತು. ಎಂ.ಎ. ಮುಗಿಸಿ ನಮ್ಮೂರು ಗೋಗಿಯ ಮನೆಗೆ ಬಂದು ಕುಳಿತವಳಿಗೆ ಆ ಒಂದು ಪರೀಕ್ಷೆ ಬಿಟ್ಟರೆ ಬೇರೆ ದಾರಿ ಕಾಣುತ್ತಿರಲಿಲ್ಲ.

ಹಾಸ್ಟೆಲ್ಲಿನ ಗೆಳತಿಯೊಬ್ಬಳು ಹೇಳಿಕೊಟ್ಟಿದ್ದ ಉಪಾಯ ನನ್ನ ಬಳಿ ಇತ್ತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡುವುದು. ಖಾಲಿ ಬದಿಯಲ್ಲಿ ಪ್ರಶ್ನೆ, ಹಿಂದೆ ಅಚ್ಚಿನ ನಡುವೆ ಉತ್ತರ. ಐದು ಚಪ್ಪಲಿ ಡಬ್ಬಿ. ಉತ್ತರ ಸರಿಯಾದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ಮೊದಲನೆಯದಕ್ಕೆ. ಮೊದಲ ಡಬ್ಬಿ ದಿನಾಲೂ, ಎರಡನೆಯದು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ, ನಾಲ್ಕನೆಯದು ಹದಿನೈದು ದಿನಕ್ಕೆ, ಐದನೆಯದು ತಿಂಗಳಿಗೊಮ್ಮೆ. ಚೆನ್ನಾಗಿ ಗೊತ್ತಿದ್ದದ್ದನ್ನು ತಡವಾಗಿ, ಗೊತ್ತಿಲ್ಲದ್ದನ್ನು ಬೇಗ ನೋಡುವ ಏರ್ಪಾಡು.

ಪರೀಕ್ಷೆಯ ದಿನಾಂಕ ಪ್ರಕಟವಾದಾಗ ಇಪ್ಪತ್ತೆಂಟು ದಿನ ಉಳಿದಿದ್ದವು. ನಾನು ಗಾಬರಿಯಾಗಿ ಐದೂ ಡಬ್ಬಿ ಸುರುವಿ, ದಿನಾ ಎಲ್ಲಾ ಚೀಟಿಗಳನ್ನೂ ತಿರುವಲು ಶುರುಮಾಡಿದೆ. ಮೂರನೆಯ ದಿನಕ್ಕೆ ತಲೆ ಸಿಡಿಯುತ್ತಿತ್ತು. ಡೈರಿಯಲ್ಲಿ ಆ ದಿನ ಬರೆದದ್ದು ಒಂದೇ ಸಾಲು: "ರಾಷ್ಟ್ರಪತಿಯ ಅವಧಿಯೂ ಮರೆತುಹೋಯಿತು."

ಅಂದು ಸಂಜೆ ಮಾಮಾ ಬಂದ. ಶಾಹಪುರ ಶಾಖಾ ಕಾಲುವೆಯ ಮೇಲೆ ಗ್ಯಾಂಗ್‌ಮನ್. ಯಾವ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿಯನ್ನು ನೋಡಿಕೊಂಡು ಗೇಟು ಎತ್ತಿ ಇಳಿಸುವ ಕೆಲಸ. ಓದಿದ್ದು ಏಳನೆಯ ಇಯತ್ತೆ. ಬಾಗಿಲಲ್ಲೇ ನಿಂತು, ನೆಲದ ತುಂಬ ಹರಡಿದ್ದ ಚೀಟಿಗಳನ್ನು ನೋಡಿದ.

"ಏನವ್ವಾ, ಎಲ್ಲಾ ಗೇಟ್ ಒಮ್ಮಿಗೇ ಎತ್ತಿ ಕುಂತೀದಿ?"

"ನಿಮಗ ತಿಳಿಯಂಗಿಲ್ಲ ಬಿಡ್ರಿ ಮಾಮಾ. ಇದು ಓದಿನ ಕೆಲಸ."

"ಹೌದ್ವಾ, ನಾ ಹೆಬ್ಬಟ್ಟು. ಆದ್ರೂ ಹೇಳು, ತಿಳದಷ್ಟು ತಿಳಕೊಂತೀನಿ."

ಸಿಟ್ಟಿನಿಂದಲೇ ಡಬ್ಬಿಗಳ ಕ್ರಮ ಹೇಳಿದೆ. ಆತ ಮೊದಲು ನಕ್ಕ. ಆಮೇಲೆ ಬೆರಳು ಮಡಚಿ ಎಣಿಸಿದ.

"ತಿಂಗಳಿನ ಡಬ್ಬಿ ಯಾವಾಗ ತಿರುವಿದ್ದಿ, ಈ ಹುಚ್ಚಾಟ ಶುರು ಮಾಡೂಕಿಂತ ಮೊದಲ?"

"ತಾರೀಖು ಗೊತ್ತಾದ ಹಿಂದಿನ ದಿನ."

"ಅಂದ್ರ ಅದರ ಮುಂದಿನ ಪಾಳಿ ಪರೀಕ್ಷಾದ ಮರುದಿನ. ರಾಶಿ ಮಾಡಿದ ಮ್ಯಾಲ ಹೊಲಕ್ಕ ನೀರು ಬಿಟ್ರ ಯಾರಿಗಿ ಬೇಕಾಗೇದ? ಅದಕ್ಕ ನೀ ಹೆದರಿ ಎಲ್ಲಾ ತೆರದಿ. ಎಲ್ಲಾ ತೆರದ್ರ ಯಾರ ಹೊಲಕ್ಕೂ ಮುಟ್ಟಂಗಿಲ್ಲ."

ಕಾಲುವೆ ಬಂದ ಹೊಸತರಲ್ಲಿ ಅವರೂ ಇದೇ ತಪ್ಪು ಮಾಡಿದ್ದರಂತೆ. ಬೆಳೆ ಯಾವುದು, ಕೊಯ್ಲು ಯಾವಾಗ ಎಂದು ನೋಡದೆ, ಬರೆದಿಟ್ಟ ಪಾಳಿಯಂತೆ ನೀರು ಬಿಟ್ಟರು. ಕಾಳು ಕಟ್ಟುವಾಗ ಬೇಕಾದ ನೀರು ಕೊಯ್ದ ಮೇಲೆ ಬಂತು. ಆಮೇಲೆ ಕೊಯ್ಲಿನಿಂದ ಹಿಂದಕ್ಕೆ ಎಣಿಸುವುದನ್ನು ಕಲಿತರು.

ನಾವೂ ಹಿಂದಕ್ಕೆ ಎಣಿಸಿದೆವು. ಕ್ಯಾಲೆಂಡರಿನ ಹಿಂಬದಿಯಲ್ಲಿ ಆತ ಗೆರೆ ಎಳೆದ, ನಾನು ತುಂಬಿದೆ. ಕೊನೆಯ ಆರು ದಿನದೊಳಗೆ ಪ್ರತಿ ಡಬ್ಬಿಗೂ ಒಂದು ಪಾಳಿ ಸಿಗಲೇಬೇಕು. ತಿಂಗಳಿನದು ಅದಕ್ಕೂ ಮುಂಚೆ ನಡುವೆ ಒಮ್ಮೆ. ಹದಿನೈದರದು ಎಂಟು ದಿನಕ್ಕೆ, ವಾರದ್ದು ನಾಲ್ಕಕ್ಕೆ, ಮೂರರದು ದಿನ ಬಿಟ್ಟು ದಿನ. ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸ ಚೀಟಿ ಬರೆಯುವುದು ಬಂದ್. ಇದಕ್ಕೆ ನಾನು ಒಪ್ಪಲಿಲ್ಲ, ಇನ್ನೂ ಎಷ್ಟೋ ಪಾಠ ಉಳಿದಿದ್ದವು. "ಕೊಯ್ಲು ಬಂದಾಗ ಸಸಿ ಹಚ್ಚತಾರೇನು ಹುಚ್ಚಿ?" ಎಂದ. ಒಪ್ಪಿದೆ.

ಮರುದಿನದಿಂದ ಮಾಮಾ ದಿನಾ ಸಂಜೆ ಬಂದು ಚೀಟಿ ಹಿಡಿದು ಕೂರತೊಡಗಿದ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಪ್ರಶ್ನೆ ಮುಗಿಯುವಷ್ಟರಲ್ಲಿ ನನಗೆ ಉತ್ತರ ಹೊಳೆಯುತ್ತಿತ್ತು. ಆದರೆ ದಯೆ ಎಂಬುದಿರಲಿಲ್ಲ. ಹಣಕಾಸು ಆಯೋಗದ ವಿಧಿ ಕೇಳಿದಾಗ "ಇನ್ನೂರ ಎಂಬತ್ತೋ ಎಂಬತ್ತೊಂದೋ" ಎಂದೆ. ಚೀಟಿ ಮೊದಲ ಡಬ್ಬಿಗೆ ಬಿತ್ತು.

"ಮಾಮಾ, ಇನ್ನೂರ ಎಂಬತ್ತು ಅಂದೆನಲ್ಲ!"

"ಎರಡು ಅಂದಿ. ಅಲ್ಲಿ ಕುಂತವ ಒಂದ ಕೇಳ್ತಾನ."

ಇನ್ನೊಂದು ಸಂಜೆ ನನ್ನ ಕಳ್ಳತನ ಹಿಡಿದ. ನಾನು ಯಾವಾಗಲೂ ಉತ್ತರ ಗೊತ್ತಿದ್ದ ಚೀಟಿಗಳಿಂದ ಶುರುಮಾಡುತ್ತಿದ್ದೆ. ಸರಸರ ಸರಿಯಾಗುತ್ತಿದ್ದವು, ಹಿತವಾಗಿರುತ್ತಿತ್ತು. ಕಷ್ಟದವಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. "ಗೇಟಿನ ಬುಡದಾಗಿನ ಮಂದಿ ಹೊಟ್ಟಿ ತುಂಬ ಕುಡೀತಾರ, ಕಟ್ಟಕಡೀ ಹೊಲದವ ಬಾಯಿ ಬಿಡ್ತಾನ" ಎಂದ. "ಪಾಳಿ ಕಡೀಯಿಂದ ಶುರು ಆಗಬೇಕು. ನೀರು ಕೇಳಿದವಗಲ್ಲವ್ವಾ, ಒಣಗಿದವಗ." ಅಂದಿನಿಂದ ಮೊದಲ ಡಬ್ಬಿಯೇ ಮೊದಲು. ಒಂದು ವಾರ ಬರೀ ಸೋಲು. ಆಮೇಲೆ ಆ ಡಬ್ಬಿಯ ತಳ ಕಾಣತೊಡಗಿತು.

ಯಾದಗಿರಿಯಲ್ಲಿ ಪರೀಕ್ಷೆ. ಹಣಕಾಸು ಆಯೋಗದ ಪ್ರಶ್ನೆ ಬಂತು ಎಂದು ಬರೆಯಲು ಆಸೆ. ಬರಲಿಲ್ಲ. ಆದರೆ ಪ್ರಶ್ನೆಪತ್ರಿಕೆಯ ಮೂರನೆಯ ಪುಟದಲ್ಲಿರುವಾಗಲೇ ನನಗೆ ಗೊತ್ತಾಗಿತ್ತು: ಈ ಸಲ ಎಲ್ಲೂ ಒಣಗಿಲ್ಲ. ಅಂಥ ಸಂತೋಷವನ್ನು ಆಮೇಲೆ ಸಂಬಳ ಬಂದಾಗಲೂ ನಾನು ಕಂಡಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರು ಮೇಲಿನಿಂದ ಹದಿನಾಲ್ಕನೆಯದು; ಇದು ಡೈರಿಯಲ್ಲಿದೆ, ಹಾಗಾಗಿ ಖರೆ. ಶೇರ್ ಆಟೋ ಹಿಡಿದು ಕಾಲುವೆಗೆ ಹೋದೆ. ಏರಿಯ ಮೇಲೆ ನಾಲ್ಕೈದು ಮಂದಿ ರೈತರು ಮಾಮಾನನ್ನು ಸುತ್ತುವರಿದು ಪಾಳಿಗಾಗಿ ಜಗಳವಾಡುತ್ತಿದ್ದರು. ನಾನು ದೂರದಿಂದಲೇ ಕೂಗಿದೆ. ಆತ ಓಡಿಬರಲಿಲ್ಲ. ಜಗಳಗಂಟರ ಕಡೆಗೆ ತಿರುಗಿ, ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದ:

"ಕೇಳ್ರೋ! ನನ್ನ ಅಕ್ಕನ ಮಗಳು ಪಾಳಿ ಪ್ರಕಾರ ನಡದು ಸರಕಾರಿ ನೌಕರಿ ಹೊಡದಾಳ. ನಿಮಗ ಎರಡೆಕರೆ ನೆಲ್ಲು ಬೆಳೀಲಾಕ ಬರಂಗಿಲ್ಲೇನು?"

ಒಬ್ಬ ಮುದುಕ, "ಹಂಗಾದ್ರ ಮುಂದಿನ ಪಾಳಿ ಆಕಿನೇ ಬರೀಲಿ ಬಿಡೋ, ನೀ ಮನಿಗಿ ಹೋಗು" ಎಂದ. ಜಗಳ ನಗುವಿನಲ್ಲಿ ಮುಗಿಯಿತು. ಮಾಮಾ ಗೇಟಿನ ಚಕ್ರಕ್ಕೆ ನನ್ನ ಕೈ ಹಚ್ಚಿಸಿ, ಒಂದು ಸುತ್ತು ತಿರುಗಿಸು ಎಂದ. ಅಲ್ಲಾಡಲೇ ಇಲ್ಲ ಎಂದು ನನ್ನ ನೆನಪು. ನಾಲ್ಕು ಬೆರಳು ನೀರು ಬಂತು ಎಂದು ಆತ ಸಾಯುವವರೆಗೂ ಊರೆಲ್ಲ ಹೇಳಿಕೊಂಡು ತಿರುಗಿದ.

ಹೋದ ವರ್ಷ ಮಾಮಾ ತೀರಿಕೊಂಡ. ಸುರಪುರದ ಕಚೇರಿಯಲ್ಲಿ ನನ್ನ ಮೇಜಿಗೆ ಈಗ ಕಾಲುವೆಯ ತಕರಾರು ಅರ್ಜಿಗಳೂ ಬರುತ್ತವೆ. ಅವನ್ನು ಓದುತ್ತ ಓದುತ್ತ, ಎಷ್ಟೋ ಕಡೆ ಪಾಳಿ ಬದಲಾಗುವುದು ಸಂಜೆಗೆ, ಗೇಟಿನ ಹತ್ತಿರ ಆಳು ಇಲ್ಲದಿದ್ದರೆ ಹೊಡೆದಾಟವೇ ಆಗುತ್ತದೆ ಎಂದು ತಿಳಿಯಿತು. ಮಾಮಾ ನನ್ನ ಎದುರು ಕುಳಿತಿದ್ದದ್ದೂ ಅದೇ ಹೊತ್ತಿನಲ್ಲಿ. ಆ ದಿನಗಳಲ್ಲಿ ಆತನ ಗೇಟಿನ ಮೇಲೆ ಒಂದು ದೂರೂ ಬಂದದ್ದು ಕೇಳಿಲ್ಲ.

ದೀಪಾವಳಿಗೆ ಹೋದಾಗ ಮಾಮಾನ ಹೆಂಡತಿಯನ್ನು ಕೇಳಿದೆ. ಅತ್ತಿ ಜೋಳ ಹಸನು ಮಾಡುತ್ತಿದ್ದಳು. ಮೊರ ಒಂದು ಕ್ಷಣ ನಿಂತಿತು, ಮತ್ತೆ ಆಡಿತು. "ಚಾ ಇಡ್ತೀನಿ, ಕುಂದ್ರು" ಎಂದು ಎದ್ದುಹೋದಳು.

ನಾನು ಕೇಳಿದ್ದು ಇಷ್ಟೇ: "ಅತ್ತಿ, ಆ ಇಪ್ಪತ್ತೈದು ದಿನ ಸಂಜಿಗಿ ಗೇಟ್ ಇಳಿಸಿದವರು ಯಾರ್ರಿ?"